ಮುಚ್ಚಳ ಅವರದು, ಗುಂಡಿ ಇವರದು

"ಕುಡಿದು ಬಿದ್ದು ಸತ್ತ ಅಂತ ಹೆಬ್ಬೆಟ್ಟು ಒತ್ತು, ಹೆಣ ತಗೊಂಡ್ ಹೋಗು. ಇಲ್ಲಿ ನಿಂತು ಗೋಳಾಡ್ಬೇಡ, ನಾತ ಹೊಡೀತಿದೆ."

ಹೀಗಂದದ್ದು ರಾಜ್ಯ ಸರ್ಕಾರದ ಚರಂಡಿ ಸಾಹೇಬ. ನಾತ ನನ್ನ ಸೀರೆಯದು, ನಿಜ. ಹತ್ತೊಂಬತ್ತು ವರ್ಷ ಇವರ ಕಕ್ಕಸಿನ ಗುಂಡಿಗಳ ಬಾಯಲ್ಲಿ ಕೂತು ಹಗ್ಗ ಹಿಡಿದವಳು ನಾನು. ಒಳಗೆ ಇಳಿಯುತ್ತಿದ್ದವನು ನನ್ನ ತಮ್ಮ. ಒಂದು ಸಲ ಜಗ್ಗಿದರೆ ಬಕೆಟ್ಟು ಎಳೆಯಬೇಕು, ಎರಡು ಸಲ ಜಗ್ಗಿದರೆ ಅವನನ್ನೇ ಎಳೆಯಬೇಕು. ಅದಕ್ಕೆ ಮೇಲೆ ಇಬ್ಬರು ಇರಲೇಬೇಕು.

ಅದಕ್ಕೆ ನಾಲ್ಕು ದಿನ ಮೊದಲು ಮಂತ್ರಿ ಬರುವ ಹೊತ್ತಿಗೆ ಹೆದ್ದಾರಿ ನಡುವಿನ ಗುಂಡಿ ಉಕ್ಕಿತು. ಆವತ್ತು ಇಬ್ಬರು ಸಾಹೇಬರೂ ಓಡಿ ಬಂದಿದ್ದರು, ಚರಂಡಿಯ ರಾಜ್ಯದವನೂ ಹೆದ್ದಾರಿಯ ಕೇಂದ್ರದವನೂ. "ಇಳಿಯೋ ಬೋಳಿಮಗನೇ!" ಅಂದವನು ರಾಜ್ಯದವನು. "ಬೇಗ ಇಳ್ಸ್ರೀ ಅವನ್ನ" ಅಂದವನು ಕೇಂದ್ರದವನು. ನನ್ನ ಜೊತೆ ಹಗ್ಗ ಹಿಡಿದಿದ್ದ ಆಳನ್ನು ಇಬ್ಬರೂ ಸೇರಿ ರಸ್ತೆ ತೊಳೆಯಲು ಅಟ್ಟಿದರು. ಹಗ್ಗ ಎರಡು ಸಲ ಜಗ್ಗಿತು. ಒಬ್ಬಳೇ ಎಳೆದೆ. ಅಂಗೈ ಚರ್ಮ ಸುಲಿದು ಬಂತು, ತಮ್ಮ ಮೇಲೆ ಬರಲಿಲ್ಲ. ಬಾಯಿ ಬಡಿದುಕೊಂಡೆ. ಸಾಹೇಬರಿಬ್ಬರೂ ಮೂಗು ಮುಚ್ಚಿಕೊಂಡು ಜೀಪು ಹತ್ತಿದರು.

ಆಮೇಲೆ ಗುಂಡಿ ಕೆಲಸದ ನಮ್ಮ ಹನ್ನೆರಡು ಜನ ಬಂದು ಹೆಣ ಹೊರಗೆ ತೆಗೆದರು. ತಮ್ಮನ ಹೆಂಡತಿ ಇವತ್ತಿಗೂ ಶವಾಗಾರದ ಮೆಟ್ಟಿಲು ಬಿಟ್ಟು ಎದ್ದಿಲ್ಲ. "ಅಕ್ಕಾ, ಅವ್ರು ಒಂದು ತೊಟ್ಟು ಮುಟ್ಟಿದೋರಲ್ಲ. ಕೆಲ್ಸ ಮಾಡ್ತಾ ಸತ್ರು ಅಂತ ಬರ್ಕೊಡೋವರ್ಗೂ ನಾನು ಹೆಣ ಎತ್ತಲ್ಲ. ನಾಳೆ ಮಗಳು ಕೇಳಿದ್ರೆ ಕುಡುಕನ ಮಗಳು ಅನ್ಲಾ?" ಅನ್ನುತ್ತಾಳೆ. ಆ ಒಂದು ಸಾಲಿಗಾಗಿಯೇ ನಾನು ಈ ಬಾಗಿಲುಗಳನ್ನು ಸುತ್ತುತ್ತಿದ್ದೆ.

"ಅದನ್ನ ನಾನ್ಯಾಕೆ ಬರೀಲಿ?" ಎಂದ ರಾಜ್ಯದವನು. "ಗುಂಡಿ ನಮ್ದೇ. ಮುಚ್ಚಳ ಇರೋದು ಹೆದ್ದಾರಿ ಮೇಲೆ. ಹೆದ್ದಾರಿ ಕೇಂದ್ರದ್ದು. ಅಲ್ಲಿ ಹೋಗಿ ಅಳು."

ಕೇಂದ್ರದ ಕಚೇರಿ ಎದುರು ಸಾಲಿನಲ್ಲೇ ಇತ್ತು. ರಸ್ತೆ ದಾಟಿದೆ.

"ರಸ್ತೆ ನಮ್ದು. ಕೆಳಗೆ ಹರಿಯೋ ಹೇಲು ರಾಜ್ಯದ್ದು" ಎಂದ ಅವನು, ತಲೆ ಎತ್ತದೆ. "ಯಾವ ಅಧಿಕಾರ ಯಾರದ್ದು ಅಂತ ಪಟ್ಟಿ ಇದೆ. ನಿಂಗೇನ್ ಗೊತ್ತಾಗತ್ತೆ?"

"ಇಬ್ರಿಗೂ ಸೇರಿದ್ದು ಅಂತ ಏನೂ ಇಲ್ವಾ ಸಾಹೇಬ್ರೇ?"

"ಅದಕ್ಕೂ ಒಂದು ಪಟ್ಟಿ ಇದೆ. ಅದ್ರಲ್ಲಿ ನಿನ್ ತಮ್ಮ ಇಲ್ಲ."

ಗುಮಾಸ್ತರು ಕಿಸಕ್ಕನೆ ನಕ್ಕರು. ನಗ್ರೋ, ನಗಿ, ಅಂದುಕೊಂಡೆ. ನಿಮ್ಮಿಬ್ಬರಿಗೂ ಸೇರಿದ್ದು ಏನು ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು.

ಎರಡೂ ಕಚೇರಿಗಳ ಕಕ್ಕಸಿನ ಪೈಪು ಬಂದು ಸೇರುವುದು ಒಂದೇ ಗುಂಡಿಗೆ. ಅದು ಕೇಂದ್ರದ ಕಚೇರಿಯ ಹಿಂಗೋಡೆಯ ಪಕ್ಕದಲ್ಲಿದೆ. ಅಲ್ಲಿಂದ ಹೊರಗೆ ಹೋಗುವ ಬಾಯಿ ಒಂದೇ. ವರ್ಷಕ್ಕೆರಡು ಸಲ ಅದನ್ನು ಬಿಡಿಸುತ್ತಿದ್ದವನು ನನ್ನ ತಮ್ಮ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಮುಚ್ಚಳ ಸರಿಸಿದೆ. ಮರಳು ತುಂಬಿದ ಮೂರು ಚೀಲಗಳನ್ನು ಹಗ್ಗ ಕಟ್ಟಿ ಇಳಿಸಿ, ಉದ್ದ ಗಳದಿಂದ ಆ ಬಾಯೊಳಕ್ಕೆ ತುರುಕಿದೆ. ಜವಾನನೊಬ್ಬ ಬೀಡಿ ಸೇದುತ್ತಾ ಪಕ್ಕದಲ್ಲೇ ಹಾದುಹೋದ. ಗುಂಡಿ ಬಳಿಯುವವಳ ಮುಖ ಯಾರು ನೋಡುತ್ತಾರೆ?

ಮರುದಿನ ಹನ್ನೊಂದು ಗಂಟೆಗೆಲ್ಲ ಎರಡೂ ಕಚೇರಿಯ ಕಕ್ಕಸುಗಳು ಉಕ್ಕಿದವು. ಪಡಸಾಲೆ ತುಂಬಿ ಕೆಳಗಿನ ಸಾಲಿನ ಫೈಲುಗಳು ತೇಲಿದವು. ನಮ್ಮವರಿಗೆಲ್ಲ ಕಚೇರಿಯಿಂದ ಹೇಳಿಕೆ ಹೋಯಿತು. ಹನ್ನೆರಡು ಜನರೂ ಬಂದರು, ಬಂದು ಗೋಡೆಗೊರಗಿ ಕೂತರು.

ಸಾಹೇಬರಿಬ್ಬರೂ ಕರವಸ್ತ್ರ ಮೂಗಿಗಿಟ್ಟುಕೊಂಡು ಗುಂಡಿಯ ಹತ್ತಿರ ಬಂದರು.

"ಪೈಪು ನಿಮ್ದು ಕಣ್ರೀ!" ಎಂದ ಕೇಂದ್ರದವನು.

"ಕಾಂಪೌಂಡು ನಿಮ್ದಲ್ವೇನ್ರೀ!"

ನನಗೆ ನಗು ತಡೆಯಲಾಗಲಿಲ್ಲ. ಕೂತವರೂ ನಕ್ಕರು.

"ಯಾರಾದ್ರೂ ಇಳೀರ್ರೋ!" ರಾಜ್ಯದವನು ಕಿರುಚಿದ. ಯಾರೂ ಕದಲಲಿಲ್ಲ.

"ಮೊದ್ಲು ಕಾಗದ" ಅಂದೆ. "ಕೆಲ್ಸ ಮಾಡ್ತಾ ಸತ್ತ ಅಂತ. ಇಬ್ರ ಸಹಿಯೂ ಬೇಕು."

"ಅವ್ರು ಮೊದ್ಲು ಹಾಕ್ಲಿ."

"ನಾನ್ಯಾಕೆ? ನೀವು ಹಾಕಿ."

ತಮ್ಮನನ್ನು ಎಳೆದ ಹಗ್ಗ ನನ್ನ ಹೆಗಲ ಮೇಲೇ ಇತ್ತು. ಅದರ ತುದಿಯನ್ನು ಅವರ ಕಾಲ ಬುಡಕ್ಕೆ ಎಸೆದೆ.

"ಹಾಗಾದ್ರೆ ನೀವೇ ಇಳೀರಿ. ಬಾಯಿ ಅಗ್ಲ ಇದೆ, ಇಬ್ರೂ ಹಿಡಿಸ್ತೀರಿ. ಉಸಿರು ಕಟ್ಟಿದ್ರೆ ಎರಡು ಸಲ ಜಗ್ಗಿ. ಎಳೆಯೋಕೆ ನಾನಿದ್ದೀನಿ. ಒಬ್ಳೇ."

ಇನ್ನೊಂದು ತುದಿಯನ್ನು ಸುಲಿದ ಅಂಗೈಗೆ ಸುತ್ತಿಕೊಂಡು ಗುಂಡಿಯ ಬಾಯಲ್ಲಿ ಕೂತೆ. ಹೇಲು ಅವರ ಬೂಟಿನ ದಾರದವರೆಗೆ ಬಂದಿತ್ತು.