ಮೂರಡಿ ನೀರು

ಹರಿದ ಕಾಗದಕ್ಕೆ ತೇಪೆ ಹಚ್ಚುವುದು ನನ್ನ ಕಸುಬು. ಬರೆದವರು ಏನೇ ಬರೆದಿರಲಿ, ಅದರ ಉಸಾಬರಿ ನನಗಿಲ್ಲ ಎಂದುಕೊಂಡೇ ದಾಖಲೆ ಕೋಣೆಯಲ್ಲಿ ಇಷ್ಟು ವರ್ಷ ತಳ್ಳಿದ್ದೇನೆ. ಕಳೆದ ಸೋಮವಾರ ನಮ್ಮೂರಿನ ಜೌಗು ಉಳಿಸುವ ಸಮಿತಿಯ ಹಳೇ ರಿಜಿಸ್ಟರುಗಳು ನನ್ನ ಮೇಜಿಗೇ ಬಂದು ಬಿದ್ದವು.

ಹರೆಯದಲ್ಲಿ ನಾನೂ ಅಕ್ಕನೂ ಆ ಸಮಿತಿಯಲ್ಲಿದ್ದೆವು. ಬೆಳಿಗ್ಗೆ ಅಳತೆಕಂಬ ನೋಡಿ ನೀರಿನ ಮಟ್ಟ ಬರೆಯುವುದು ನನ್ನ ಪಾಲು. ಮಧ್ಯಾಹ್ನ ನೀರಲ್ಲಿ ನಡೆದು ಆಚೆ ದಡದ ಹಕ್ಕಿಗೂಡು ಎಣಿಸುವುದು ಅಕ್ಕನ ಪಾಲು. ಮೂರಡಿಗಿಂತ ಹೆಚ್ಚಿದ್ದರೆ ಇಳಿಯುವಂತಿಲ್ಲ. ರಿಜಿಸ್ಟರು ನೋಡದೆ ಅಕ್ಕ ಒಂದು ದಿನವೂ ನೀರಿಗೆ ಕಾಲಿಟ್ಟವಳಲ್ಲ.

ಆ ದಿನ ವಿಪರೀತ ಚಳಿ. ನಾನು ಹೊದಿಕೆ ಬಿಟ್ಟು ಏಳಲೇ ಇಲ್ಲ. ಹಿಂದಿನ ದಿನದ ಅಂಕಿಯನ್ನೇ ಇಳಿಸಿದೆ, ಮೂರಡಿ. ಮೇಲಿನ ಅಣೆಕಟ್ಟೆಯವರು ರಾತ್ರಿಯೇ ನೀರು ಬಿಟ್ಟಿದ್ದರು.

ಸಂಜೆಯಾದರೂ ಅಕ್ಕ ಮರಳಲಿಲ್ಲ. ಹುಡುಕಲು ಹೋದವರಿಗೂ ನೀರು ಏರಿದ್ದು ಕಂಡಿತು. ಆದರೆ ರಿಜಿಸ್ಟರಿನಲ್ಲಿ ಮೂರಡಿ ಇದೆಯಲ್ಲ, ಅವಳು ಮುಳುಗಿದ ಮೇಲೆ ಏರಿರಬೇಕು ಎಂದುಕೊಂಡರು. "ಮೂರಡಿ ನೀರಲ್ಲಿ ಯಾರು ಮುಳುಗ್ತಾರೆ? ಬೇಕಂತಲೇ ಮಾಡ್ಕೊಂಡಿದಾಳೆ," ಅಂದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. "ಅವಳಿಗೆ ನಾನೇನು ಕಮ್ಮಿ ಮಾಡಿದ್ದೆ?" ಎಂದು ಅಮ್ಮ ಮೂವತ್ತು ವರ್ಷದಿಂದ ಕೇಳುತ್ತಲೇ ಇದ್ದಾಳೆ.

ಆ ಪುಟದ ಅಂಚನ್ನು ಹುಳು ತಿಂದಿದೆ. ಅಂಕಿ ಮಾತ್ರ ಗುಂಡುಕಲ್ಲಿನಂತೆ ಗಟ್ಟಿಯಾಗಿದೆ. ಎಷ್ಟು ಒಣಗಿಸಿದರೂ ಕೆಸರಿನ ವಾಸನೆ ಹೋಗದು. ಪುಟ ತೆರೆದಾಗಲೆಲ್ಲ ಅಕ್ಕ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾಳೆ. ಬೈಯುವುದಿಲ್ಲ. ಓದುತ್ತಾಳೆ, ನಂಬುತ್ತಾಳೆ, ಹೊರಡುತ್ತಾಳೆ. ನಾಲ್ಕು ದಿನ ಹೀಗೇ ಆಯಿತು. ನನಗೆ ಭಯವಾಯಿತು.

ಅಂಕಿ ಇದ್ದ ತುಂಡನ್ನು ಕಿತ್ತುಬಿಟ್ಟರೆ ಕೇಳುವವರಿರಲಿಲ್ಲ, ಪಾಪ ಹುಳುವಿನ ತಲೆಗೆ ಹೋಗುತ್ತಿತ್ತು. ಅಕ್ಕನ ಮೇಲಿನ ಮಾತು ಮಾತ್ರ ಹಾಗೇ ಉಳಿಯುತ್ತಿತ್ತು. ತೆಳು ಕಾಗದ ಅಂಟಿಸಿ ಅಂಕಿಯನ್ನು ಉಳಿಸಿದೆ. ಪಕ್ಕದಲ್ಲಿಡಲು ಒಂದು ಚೀಟಿ ಬರೆದೆ: 'ಈ ಅಂಕಿ ಸುಳ್ಳು. ಕಂಬ ನೋಡದೆ ಬರೆದವಳು ನಾನು. ಇದನ್ನು ನಂಬಿ ನನ್ನಕ್ಕ ನೀರಿಗಿಳಿದಳು.' ಕೆಳಗೆ ಸಹಿ ಹಾಕಿದೆ.

ಸಾಹೇಬರು ಓದಿ ಕನ್ನಡಕ ತೆಗೆದರು. "ಇದನ್ನ ಇಟ್ರೆ ಉಳಿದ ಪುಟಾನ ಯಾರು ನಂಬ್ತಾರಮ್ಮ?"

"ನಂಬದೇ ಇರಲಿ ಸಾರ್. ನಂಬಿದವಳ ಗತಿ ನೋಡಿದೀನಿ."

ಅವರು ಚೀಟಿಯನ್ನು ಒಳಗಿಟ್ಟು ದಾರ ಕಟ್ಟಿದರು.

ಸಂಜೆ ಅಮ್ಮನ ಮಂಚದ ಬಳಿ ಕೂತು ಎಲ್ಲವನ್ನೂ ಹೇಳಿದೆ. ಹೊಡೆಯಲಿ, ಶಪಿಸಲಿ ಎಂದು ಕಾದೆ. ಅಮ್ಮ ನನ್ನತ್ತ ನೋಡಲೇ ಇಲ್ಲ.

"ಹಾಗಾದ್ರೆ ಅವಳು ಮನೆಗೆ ವಾಪಸ್ ಬರ್ತೀನಿ ಅಂತಾನೇ ಹೋಗಿದ್ದು," ಅಂದಳು.