ಅವರ ನೋವನ್ನು ಅವರನ್ನೇ ಕೇಳಿ

ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದರೆ ಹೋಗಿಬರುವವರೆಲ್ಲ ಬಾಗಿಲಲ್ಲೇ ನಿಂತು ಕೇಳುತ್ತಾರೆ, "ಹೇಗಿದ್ದಾರೆ?" ಮನೆಯವರು ಹೇಳುವುದೂ ಒಂದೇ ಮಾತು, "ಪರವಾಗಿಲ್ಲ." ಕನ್ನಡಕದಂಗಡಿ ಯಜಮಾನರ ಹೆಂಡತಿಗೆ ಈ ಮಾತು ಬಾಯಿಪಾಠವಾಗಿಹೋಗಿತ್ತು.

ಯಜಮಾನರಿಗೆ ಕ್ಯಾನ್ಸರ್. ಅದು ಬೆನ್ನುಮೂಳೆಗೂ ಇಳಿದಿತ್ತು. ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯನ್ನು ಈಗ ಮಗಳು ನೋಡಿಕೊಳ್ಳುತ್ತಿದ್ದಳು. ಕಣ್ಣು ಪರೀಕ್ಷೆ ಮಾಡುವುದರಲ್ಲಿ ಚುರುಕು. ಆದರೆ ಗಾಜಿನ ಅಂಚನ್ನು ಕಲ್ಲಿಗೆ ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾತ್ರ ಇನ್ನೂ ಕೈಗೆ ಹತ್ತಿರಲಿಲ್ಲ. ಆ ವಾರವೇ ಮೂರು ಗಾಜು ಚಟ್ಟೆಂದು ಒಡೆದಿದ್ದವು. ಕಲಿಸಬೇಕಾದ ಅಪ್ಪ ಮೇಲೆ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಮೂರು ಕಾಗದ, ಆಸ್ಪತ್ರೆಯ ಒಂದು ಅಧ್ಯಯನಕ್ಕೆಂದು ರೋಗಿ ವಾರಕ್ಕೊಂದರಂತೆ ತುಂಬಿಕೊಡಬೇಕಾದವು.

"ಅಮ್ಮಾ, ಇದೇನಿದು? ನೋವು ಸೊನ್ನೆ, ಸುಸ್ತು ಸೊನ್ನೆ, ನಿದ್ದೆ ಭರ್ಜರಿ. ಮೂರು ವಾರವೂ ಹಿಂಗೇ. ಇಷ್ಟು ಆರೋಗ್ಯ ನನಗೇ ಇಲ್ಲ! ಯಾರು ತುಂಬಿದ್ದು?"

"ನಾನೇ. ಮೂವತ್ತೆಂಟು ವರ್ಷ ಜೊತೆಗೆ ಬಾಳಿದ್ದೀನಿ, ನನಗೆ ಗೊತ್ತಾಗಲ್ವಾ?"

ಹಾಗೆಂದವಳು ನರ್ಸನ್ನು ಮೂಲೆಗೆ ಎಳೆದುಕೊಂಡು ಪಿಸುಗುಟ್ಟಿದಳು. "ನೋವಿದೆ ಅಂತ ಬರೆದ್ರೆ, ಔಷಧಿ ಹಿಡೀಲಿಲ್ಲ ಅಂತ ನಿಲ್ಲಿಸಿಬಿಟ್ರೆ? ಇದು ಸಂಶೋಧನೆ ಬೇರೆ ಅಂತೆ. ನಮ್ಮವರ ಮೇಲೆ ಪ್ರಯೋಗ ಎಲ್ಲ ಬೇಡಮ್ಮ."

"ಹೊಸ ಔಷಧಿ ಯಾವುದೂ ಇಲ್ಲಮ್ಮ. ವಾರ ವಾರ ರೋಗಿಯನ್ನೇ ಕೇಳಿ, ಅವರು ಹೇಳಿದ್ದಕ್ಕೆ ತಕ್ಷಣ ಏನಾದ್ರೂ ಮಾಡಿದ್ರೆ ಅವರ ದಿನ ಹಗುರ ಆಗುತ್ತಾ ಅಂತ ನೋಡ್ತಿದ್ದೀವಿ, ಅಷ್ಟೇ. ಯಜಮಾನರೇ ಓದಿ ಸಹಿ ಹಾಕಿದ್ದಾರೆ. ಬೇಡ ಅನ್ನಿಸಿದ್ರೆ ಯಾವತ್ತಾದ್ರೂ ಬಿಡಬಹುದು, ಚಿಕಿತ್ಸೆ ಹಾಗೇ ನಡೆಯುತ್ತೆ. ನೋವಿದೆ ಅಂದ ಮಾತ್ರಕ್ಕೆ ಯಾರೂ ಔಷಧಿ ನಿಲ್ಲಿಸಲ್ಲ. ಆದರೆ ನಿಮ್ಮ ಸೊನ್ನೆ ನಂಬ್ಕೊಂಡ್ರೆ ಇವರಿಗೂ ಏನೂ ಮಾಡಕ್ಕಾಗಲ್ಲ, ಮುಂದೆ ಬರೋ ರೋಗಿಗಳಿಗೂ ತಪ್ಪು ಲೆಕ್ಕ."

ಆಗ ಕೆಳಗಿನಿಂದ ಮಗಳ ದನಿ ತೇಲಿಬಂತು. ಯಾರೋ ಗಿರಾಕಿಯನ್ನು ಕೇಳುತ್ತಿದ್ದಳು, "ಈ ಗಾಜಲ್ಲಿ ಸ್ಪಷ್ಟನಾ, ಆಗಿಂದರಲ್ಲಿ ಸ್ಪಷ್ಟನಾ?"

ಗೋಡೆ ಕಡೆಗಿದ್ದ ಮುಖ ಮೆಲ್ಲಗೆ ಇತ್ತ ತಿರುಗಿತು.

"ಕೇಳಿಸ್ತೇನೇ?" ಎಂದರು ಯಜಮಾನರು. "ಗಿರಾಕಿ ಕಣ್ಣಿಗೆ ಏನು ಕಾಣುತ್ತೆ ಅಂತ ಅವನ ಹೆಂಡತೀನ ಕೇಳಿ ಗಾಜು ಹಾಕಿದ್ರೆ, ಅವನು ನೆಟ್ಟಗೆ ಹೋಗಿ ಕಂಬಕ್ಕೆ ಡಿಕ್ಕಿ ಹೊಡೀತಾನೆ. ಕಾಗದ ಇಲ್ಲಿ ಕೊಡಿ, ಸಿಸ್ಟರ್."

ಸೊನ್ನೆಯಿಂದ ಹತ್ತರವರೆಗೆ ಅಂಕಿಗಳಿದ್ದವು. ನೋವಿನ ಸಾಲಿನಲ್ಲಿ ಎಂಟರ ಸುತ್ತ ಗೀಟು ಎಳೆದರು.

ಹೆಂಡತಿ ಬಗ್ಗಿ ಕಾಗದ ನೋಡಿದಳು. "ಎಂಟಾ? ಬೆಳಿಗ್ಗೆ ಕೇಳಿದಾಗ ಇಲ್ಲ ಅಂದ್ರಲ್ಲ ರೀ!"

"ನೀನು ಕೇಳೋವಾಗಲೇ ಕಣ್ಣು ಒರೆಸ್ಕೋತೀಯ. ಅಂಥವಳಿಗೆ ಎಂಟು ಅಂತ ಹೆಂಗೆ ಹೇಳಲಿ?"

ಕೊನೆಯ ಪ್ರಶ್ನೆ, ಈ ವಾರ ನಿಮಗೆ ಯಾವುದು ಮುಖ್ಯ ಎಂದು. ಅದರ ಕೆಳಗೆ ಬರೆದರು: ಮಗಳ ಪಕ್ಕ ಒಂದು ಗಂಟೆ ಕೂತು ಗಾಜು ಕೂರಿಸುವುದನ್ನು ಕಲಿಸಬೇಕು.

ನರ್ಸು ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿದಳು. ವಿಚಾರಿಸಿದಾಗ ತಿಳಿಯಿತು, ಯಜಮಾನರು ನೋವಿನ ಮಾತ್ರೆಯನ್ನು ತಡೆಯಲಾಗದಾಗ ಮಾತ್ರ ನುಂಗಿ, ಉಳಿದದ್ದನ್ನು ಕೂಡಿಡುತ್ತಿದ್ದರು. ಡಾಕ್ಟರು ಮಾತ್ರೆ ಬದಲಿಸಿ, ಗಡಿಯಾರ ನೋಡಿಕೊಂಡು ಹೊತ್ತುಹೊತ್ತಿಗೆ ಕೊಡಿ ಎಂದರು. ಮಲಬದ್ಧತೆ ಆಗದಂತೆ ಇನ್ನೊಂದು ಔಷಧಿ, ಬೆನ್ನಿಗೊಂದು ದಿಂಬು. ನರ್ಸು ದಿನಾ ಫೋನು ಮಾಡಿ ವಿಚಾರಿಸಿದಳು.

ಐದನೆಯ ದಿನ ಅಂಕಿ ಮೂರಕ್ಕೆ ಇಳಿಯಿತು. ಆರನೆಯ ದಿನ ಹೆಂಡತಿ ಬಟ್ಟೆ ಒಣಹಾಕಿ ಬಂದು ನೋಡಿದರೆ ಮಂಚ ಖಾಲಿ! ಕೆಳಗೆ ಓಡಿದಳು. ಮಗಳ ಹೆಗಲು ಹಿಡಿದು ಇಳಿದುಬಂದಿದ್ದ ಯಜಮಾನರು ದಿಂಬಿಗೆ ಒರಗಿ ಬೆಂಚಿನ ಮುಂದೆ ಕೂತಿದ್ದರು, ಮಗಳ ಮಣಿಕಟ್ಟು ಹಿಡಿದುಕೊಂಡು.

"ಒತ್ತಬೇಡ ಅಂದೆನಲ್ಲ! ಗಾಜಿನ ಜೊತೆ ಜಗಳ ಆಡ್ತೀಯೇನು? ತಿರುಗಿಸು, ಸುಮ್ಮನೆ ತಿರುಗಿಸು."

ಮಗಳು ಉಸಿರು ಬಿಗಿಹಿಡಿದು ತಿರುಗಿಸಿದಳು. ಟಕ್! ಗಾಜು ಫ್ರೇಮಿನೊಳಗೆ ಕೂತಿತು. "ಅಪ್ಪಾ, ಕೂತ್ಕೊಳ್ತು!"

ಹೆಂಡತಿ ನರ್ಸಿಗೆ ಫೋನು ಮಾಡಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಸಿಸ್ಟರ್! ಒಂದು ಗಂಟೆ ಆಯ್ತಂತೆ, ಇನ್ನೂ ಎದ್ದಿಲ್ಲ! ಕಲಿಸ್ತಿದ್ದಾರೆ!"

"ತುಂಬಾ ಸಂತೋಷ ಅಮ್ಮಾ. ಆದ್ರೆ ಕಾಯಿಲೆ ಹೋಗಿಲ್ಲ, ನೆನಪಿರಲಿ."

"ಗೊತ್ತು ಕಣಮ್ಮ, ಗೊತ್ತು. ಆದ್ರೂ ಮಗಳಿಗೆ ಬೈತಾ ಕೂತಿದ್ದಾರೆ. ಎಷ್ಟು ಚೆನ್ನಾಗಿ ಬೈತಾರೆ ಗೊತ್ತಾ!"

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹೀಗೆ ಮಲಗಿದವರಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ನೋವು ಎಷ್ಟು, ನಿದ್ದೆ ಹೇಗೆ, ಏನು ಮಾಡುವ ಆಸೆ ಇದೆ ಎಂದು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಡಾಕ್ಟರಿಗೆ ಮುಟ್ಟಿಸಿ. ಇಂಥ ಅಧ್ಯಯನದವರು ಬಂದರೆ ಅನುಮಾನವನ್ನೆಲ್ಲ ಕೇಳಿ ತಿಳಿದುಕೊಳ್ಳಿ. ಸೇರುವುದೋ ಬಿಡುವುದೋ ರೋಗಿಯೇ ಹೇಳಲಿ. ಸೇರಿದರೆ ಪೆನ್ನು ಅವರ ಕೈಗೇ ಕೊಡಿ. ಬರೆಯಲಾಗದಿದ್ದರೆ ಅವರು ಹೇಳಲಿ, ನೀವು ಬರೆಯಿರಿ. ಎಂಟು ಎಂದರೆ ಎಂಟೇ ಬರೆಯಿರಿ.