ಮಾವನವರು ಸುಮ್ಮನಾದ ವರ್ಷ

ಮಾವನವರು ಜೀವಮಾನವಿಡೀ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಅವರ ಕಾರಿನಲ್ಲಿ ಎರಡು ಬ್ರೇಕ್ ಇದ್ದವು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಇವರ ಕಾಲಿಗೆ. ಊರಿನ ಅರ್ಧ ಜನ ಬದುಕಿರುವುದು ತಮ್ಮ ಬಲಗಾಲಿನ ದಯೆಯಿಂದ ಎಂದು ಅವರು ನಂಬಿದ್ದರು. ಸ್ಕೂಲ್ ಮುಚ್ಚಿ ಮಗಳ ಮನೆಗೆ ಬಂದ ಮೇಲೂ ಆ ಕಾಲು ನಿವೃತ್ತಿಯಾಗಲಿಲ್ಲ. ಅಳಿಯ ಕಾರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. ಮ್ಯಾಟು ಆ ಜಾಗದಲ್ಲಿ ತೂತಾಗಿತ್ತು. ಬಾಯಿಗೂ ಬಿಡುವಿರಲಿಲ್ಲ. ಕನ್ನಡಿ ನೋಡಿ, ಗೇರು ಇಳಿಸಿ, ಸೈಕಲ್ಲಿನವನು ಬಂದ ಎಂದು ದಾರಿಯುದ್ದಕ್ಕೂ ಪಾಠ. ಅಳಿಯನದು ಕನ್ನಡಕದ ಅಂಗಡಿ. ಹಗಲೆಲ್ಲ ಊರವರಿಗೆ ಕಣ್ಣು ಕಾಣುವಂತೆ ಮಾಡುವ ತನಗೇ ಇವರು ಲಾರಿ ತೋರಿಸುತ್ತಾರಲ್ಲ ಎಂದು ಅವನು ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದ.

ಒಂದು ಬೆಳಿಗ್ಗೆ ಮಾವನವರು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ತಡ, ಕೋಣೆ ಗಿರ್ರನೆ ತಿರುಗಿತು. ಡಾಕ್ಟರಮ್ಮ ತಲೆಸುತ್ತಿಗೆ ಮಾತ್ರೆ ಬರೆದುಕೊಟ್ಟು, ಎರಡು ವಾರ ನುಂಗಿ, ಆಮೇಲೆ ಬಂದು ತೋರಿಸಿ ಎಂದರು. ಸುತ್ತು ನಿಂತಿತು. ನಿಂತ ಮೇಲೆ ತೋರಿಸುವುದೇನು ಎಂದು ಯಾರೂ ಹೋಗಲಿಲ್ಲ. ಮತ್ತೆ ಬಂದರೆ ಎಂಬ ಭಯಕ್ಕೆ ಮಗಳು ಮಾತ್ರೆ ಕೊಡುವುದನ್ನು ನಿಲ್ಲಿಸಲಿಲ್ಲ, ಔಷಧಿ ಅಂಗಡಿಯವನೂ ಹಳೇ ಚೀಟಿ ನೋಡಿ ಕೊಡುವುದನ್ನು ನಿಲ್ಲಿಸಲಿಲ್ಲ. ಹೀಗೇ ವರ್ಷ ಕಳೆಯಿತು.

ಮೊದಲು ಮಧ್ಯಾಹ್ನದ ನಿದ್ದೆ ಉದ್ದವಾಯಿತು. ಆಮೇಲೆ ಬೆಳಗಿನ ನಿದ್ದೆಗೂ ಮಧ್ಯಾಹ್ನದ ನಿದ್ದೆಗೂ ನಡುವಿನ ಎಚ್ಚರ ಗಿಡ್ಡವಾಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿದ್ದುದರಿಂದ ಮಾತು ಕಡಿಮೆಯಾಯಿತು. ಅಕ್ಷರ ಮಂಜುಮಂಜು ಎಂದಾಗ ಅಳಿಯ ಎರಡು ಸಲ ಕನ್ನಡಕ ಬದಲಾಯಿಸಿದ. ಎರಡು ಸಲವೂ ತನ್ನ ನಂಬರೇ ಸರಿ ಎಂದ. ಬಚ್ಚಲಿಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರುತ್ತಿರಲಿಲ್ಲ. ಶಿಶುವಿಹಾರದಲ್ಲಿ ಟೀಚರಾಗಿದ್ದ ಮಗಳು ಬಾಗಿಲಾಚೆ ನಿಂತು, ಮಕ್ಕಳನ್ನು ಕೇಳುವ ದನಿಯಲ್ಲೇ ಆಯ್ತಾ ಎಂದು ಕೇಳುತ್ತಿದ್ದಳು. ಕೈ ಸಣ್ಣಗೆ ನಡುಗತೊಡಗಿತು. ಹೆಜ್ಜೆ ಗಿಡ್ಡವಾಯಿತು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ವಯಸ್ಸಾಯಿತು ಎಂದು ಎಲ್ಲರೂ ಒಪ್ಪಿಕೊಂಡರು. ವಯಸ್ಸಿನ ಮೇಲೆ ಏನು ಹೊರಿಸಿದರೂ ಅದು ತಿರುಗಿ ಮಾತಾಡುವುದಿಲ್ಲ.

"ಅಪ್ಪ ಎಷ್ಟು ಸಾಧು ಆಗ್ಬಿಟ್ರು," ಎಂದಳು ಮಗಳು. ಏನು ಕೇಳಿದರೂ ಹೂಂ ಎನ್ನುತ್ತಿದ್ದರು. ಮನೆಯ ಪಕ್ಕದಲ್ಲಿ ನಿಂತೇ ಇದ್ದ ಸ್ಕೂಲಿನ ಹಳೇ ಕಾರನ್ನು ಮಾರಿಬಿಡೋಣವೇ ಎಂದಾಗಲೂ ಹೂಂ ಎಂದರು. ಮಾರಿದರು.

ಬಾಯಿ ಒಣಗಿಯೋ ಏನೋ ಮಾವನವರ ಹಲ್ಲು ಹುಳುಕಾಗತೊಡಗಿತ್ತು. ಒಂದು ಸಂಜೆ ಅಳಿಯ ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದ. ತಿರುವಿನಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಹೋದ. ಎದುರಿಗೆ ಬಸ್ಸು. ಬ್ರೇಕ್ ತುಳಿದು ಸ್ಟೀರಿಂಗ್ ಎಳೆದ. ಕಾರು ರಸ್ತೆಬದಿಯ ಮಣ್ಣಿಗಿಳಿದು ನಿಂತಿತು. ಬಸ್ಸಿನವನು ಅಳಿಯನ ವಂಶವನ್ನೆಲ್ಲ ಒಂದು ಸುತ್ತು ನೆನೆದು ಹೋದ. ಅಳಿಯ ಬೆವರುತ್ತಾ ಪಕ್ಕಕ್ಕೆ ನೋಡಿದ. ಮಾವನವರ ಕಣ್ಣು ತೆರೆದೇ ಇತ್ತು. ಎಲ್ಲ ನೋಡಿದ್ದರು. ಬಲಗಾಲು ಮಾತ್ರ ಯಾರೋ ಮರೆತುಹೋದ ಸಾಮಾನಿನಂತೆ ಮ್ಯಾಟಿನ ಮೇಲಿತ್ತು.

"ಮಾವ, ಏನಾದ್ರೂ ಅನ್ನಿ," ಎಂದ ಅಳಿಯ.

ಮಾವನವರು ಸ್ವಲ್ಪ ಹೊತ್ತು ಯೋಚಿಸಿದರು. "ಬಸ್ಸು," ಎಂದರು.

ಅಳಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಕಾರು ತಿರುಗಿಸಿ ನೇರ ಡಾಕ್ಟರಮ್ಮನ ಬಳಿ ಹೋದ. ಮಗಳು ದಾರಿಗೆಂದು ಅವರ ಜೇಬಿಗೆ ಹಾಕಿದ್ದ ಮಾತ್ರೆಯ ಹಾಳೆ ನೋಡಿ ಆಕೆ, ಇದನ್ನು ಇನ್ನೂ ಕೊಡುತ್ತಿದ್ದೀರಾ ಎಂದು ಕೇಳಿದರು. ಬಸ್ಸಿನಲ್ಲಿ ವಾಂತಿಯಾಗದಿರಲೆಂದು ನುಂಗುತ್ತಾರಲ್ಲ, ಶೀತಕ್ಕೆ, ತುರಿಕೆಗೆ ಕೊಡುತ್ತಾರಲ್ಲ, ಅದೇ ಬಳಗದ ಮಾತ್ರೆಯಂತೆ. ಒಂದೆರಡು ವಾರಕ್ಕೆ ಸರಿ, ವಯಸ್ಸಾದವರಿಗೆ ಬಿಡದೆ ಕೊಟ್ಟರೆ ಆಳನ್ನೇ ಕುಗ್ಗಿಸುತ್ತದಂತೆ. ನಿದ್ದೆ, ಒಣಬಾಯಿ, ಮೂತ್ರ ಕಟ್ಟುವುದು, ಮಸುಕು ಕಣ್ಣು, ನಡುಕ ಎಂದು ಆಕೆ ಒಂದೊಂದಾಗಿ ಹೇಳುತ್ತಾ ಹೋದರು. ಅಳಿಯ ಕನ್ನಡಕದ ವಿಷಯ ಎತ್ತಲಿಲ್ಲ. ಮಾತ್ರೆಯನ್ನು ಹಂತಹಂತವಾಗಿ ಬಿಡಿಸಲು ಹೇಳಿ, ಮತ್ತೆ ಸುತ್ತು ಬಂದರೆ ಮಾತ್ರೆ ಬೇಡ, ತಲೆಯನ್ನು ಹೀಗೆ ಹೊರಳಿಸಿದರೆ ಸಾಕು ಎಂದು ಆಕೆ ಮಾವನವರನ್ನು ಮಲಗಿಸಿ ತೋರಿಸಿಕೊಟ್ಟರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ.

"ನನಗೆ ಖುಷಿಯಾಗಿತ್ತು ಕಣೇ," ಎಂದ ಅಳಿಯ. "ಅವರು ಸುಮ್ನಾಗಿದ್ದು."

"ನನಗೂ," ಎಂದಳು ಮಗಳು.

ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಮೊದಲು ಮರಳಿದ್ದು ಸಿಟ್ಟು. ಪೇಪರ್ ಓದುತ್ತಿದ್ದ ಮಾವನವರು ಒಂದು ದಿನ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿ, "ಇದನ್ನ ಯಾವ ಕುರುಡ ಕೊಟ್ಟಿದ್ದು?" ಎಂದರು.

"ನಾನೇ, ಮಾವ."

"ಅದಕ್ಕೇ."

ಆಮೇಲೊಂದು ದಿನ ಮನೆಯ ಪಕ್ಕಕ್ಕೆ ಹೋಗಿ ನಿಂತು, ಬರಿದಾದ ಜಾಗ ನೋಡಿ ಒಳಗೆ ಬಂದರು. ಕಾರೆಲ್ಲಿ ಎಂದರು. ಮಾರಿದೆವು, ನಿಮ್ಮನ್ನು ಕೇಳಿಯೇ ಮಾರಿದ್ದು ಎಂದ ಅಳಿಯ.

"ಕೇಳಿದಾಗ ನಾನೇನಂದೆ?"

"ಹೂಂ ಅಂದ್ರಿ."

"ನಾನು ಯಾವತ್ತಾದ್ರೂ ಒಂದೇ ಸಲಕ್ಕೆ ಹೂಂ ಅಂದಿದ್ದುಂಟಾ, ಅಳಿಯಂದ್ರೇ? ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?"

ಆ ದಿನ ಮಾವನವರು ಯಾರೊಂದಿಗೂ ಮಾತಾಡಲಿಲ್ಲ. ಮಗಳು ಕದ್ದು ಅವರ ಕೈ ನೋಡಿದಳು, ಮುಖ ನೋಡಿದಳು. ನಡುಕವಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು. ಅವಳು ಒಳಗೆ ಹೋಗಿ ಒಬ್ಬಳೇ ಅತ್ತಳು.

ಮರುದಿನ ಅಳಿಯ ಅಂಗಡಿಗೆ ಹೋಗದೆ ಅವರನ್ನು ಕಾರು ಕೊಂಡವಳ ಬಳಿ ಕರೆದೊಯ್ದ. ಆಕೆ ಹಿಂದೆ ಮಾವನವರಲ್ಲೇ ಕಲಿತವಳು, ಈಗ ಸ್ವತಃ ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಕಾರನ್ನು ವಾಪಸು ಕೇಳಿದ. ಕಲಿಯುವವರು ಸಾಲಾಗಿ ಕಾಯುತ್ತಿದ್ದಾರೆ, ಆಗುವುದಿಲ್ಲ ಎಂದಳು ಆಕೆ. ಮಾವನವರು ಅಷ್ಟು ಹೊತ್ತಿಗೆ ಕಾರಿನ ಸುತ್ತ ಒಂದು ಸುತ್ತು ಬಂದು ಟೈರು ಒದ್ದು ನೋಡಿದ್ದರು. ಅವರ ಮುಖ ನೋಡಿ ಆಕೆಯ ಮನಸ್ಸು ಕರಗಿತು.

"ಬೇಕಾದ್ರೆ ದಿನಾ ಬಂದು ಹಿಂದೆ ಕೂತ್ಕೊಳ್ಳಿ ಸಾರ್. ಆದ್ರೆ ಮಾತಾಡ್ಬಾರ್ದು."

ಮಾವನವರು ಅದಕ್ಕೇನೂ ಹೇಳದೆ ಹತ್ತಿ ಕೂತರು. ಸ್ಟೀರಿಂಗ್ ಹಿಡಿದಿದ್ದವಳು ಒಬ್ಬ ನರ್ಸ್, ಅಂದು ಅವಳ ಮೊದಲ ಪಾಠ. ಕಾರು ಎರಡು ಸಲ ಜಿಗಿದು ಗೇಟಿನ ನಡುವೆಯೇ ಆಫಾಯಿತು. ಕಿಟಕಿಗಳು ತೆರೆದಿದ್ದವು. ಅಳಿಯ ರಸ್ತೆಯಲ್ಲೇ ನಿಂತು ಕೇಳಿಸಿಕೊಂಡ. ಮಾವನವರು ಕ್ಲಚ್ಚಿನಿಂದ ಶುರು ಮಾಡಿದ್ದರು.